ಗಂಗೆ ಬಿಚ್ಚಿ ನೋಡಿದ ಹಾಸಿಗೆ

“ನಾರು! ಬರೀ ತೆಂಗಿನ ನಾರು! ನಾವು ಬಚ್ಚಲ ಒಲೆಗೆ ಹಾಕೂದನ್ನ ನೀ ನನ್ನ ಮಗಳ ಮದುವೆಗೆ ಮಾರಿದ್ಯಲ್ಲ ತಮಾ!”

ಹಳದೀಪುರದ ಗಂಗೆ ರಿಕ್ಷಾದಿಂದ ಹಾಸಿಗೆ ಎಳೆದು ಅಂಗಡಿಯ ಬಾಗಿಲಿಗೇ ಅಡ್ಡ ಕೆಡವಿದಳು. ಒಂದು ಮೂಲೆಯ ಹೊಲಿಗೆ ಬಿಚ್ಚಿ, ಒಳಗಿನ ಕಂದು ನಾರು ಮೀಸೆಯಂತೆ ಹೊರಬಂದಿತ್ತು.

ಅಂಗಡಿಯ ಯಜಮಾನ ಸುಧಾಕರನ ಮೈ ಉರಿಯಿತು. ಇವಳಿಗೆ ಬರಲು ಇವತ್ತೇ ಸಿಕ್ಕಿತೇ? ಹಾಸಿಗೆ ಕಂಪನಿಯ ಸಂಜಯ ಸಾಹೇಬರು ಹುಬ್ಬಳ್ಳಿಯಿಂದ ಬಂದು ಒಳಗೆ ಚಹಾ ಕುಡಿಯುತ್ತಿದ್ದರು. ಹೊನ್ನಾವರ, ಕುಮಟಾ ಎರಡಕ್ಕೂ ಇನ್ನು ಒಂದೇ ಏಜೆನ್ಸಿ. ಅದು ಸುಧಾಕರನಿಗೋ ಕುಮಟಾದ ಅಂಗಡಿಯವನಿಗೋ ಎಂಬುದು ಆ ಚಹಾ ಮುಗಿಯುವುದರೊಳಗೆ ತೀರ್ಮಾನವಾಗಬೇಕಿತ್ತು.

“ಹೊಲಿಗೆ ಎಂತಕ್ಕೆ ಬಿಚ್ಚಿದೆ ಗಂಗಕ್ಕ? ಗ್ಯಾರಂಟಿ ಹೋಯ್ತು!”

“ಹತ್ತಿ ಹೊಸದೋ ಹಳೇದೋ ನೋಡದೆ ಹಾಸಿಗೆ ತಕಂಬುದುಂಟಾ? ನನ್ನ ಅವ್ವಿ ಬಿಚ್ಚಿ ನೋಡ್ತಿತ್ತು. ನಾಳೆ ಬೀಗ್ತಿನೂ ನೋಡ್ತದೆ.”

ಸಂಜಯ ನಗುತ್ತ ಹೊರಬಂದರು. “ಅಮ್ಮಾ, ಇದು ಬರೀ ನಾರಲ್ಲ. ತೊಳೆದು, ಹಗ್ಗದ ಹಾಗೆ ಹೊಸೆದು, ಸುರುಳಿ ಬರಿಸಿ, ರಬ್ಬರ್ ಹಾಲು ಸಿಂಪಡಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದ್ದು. ಬೆನ್ನಿಗೆ ಬಹಳ ಒಳ್ಳೆಯದು.”

“ಎಷ್ಟು ಸಿಂಗಾರ ಮಾಡಿದ್ರೂ ಸಿಪ್ಪೆ ಸಿಪ್ಪೆಯೇ ಅಲ್ದಾ? ನಮ್ಮ ಹಿತ್ಲದ್ದನ್ನೇ ಹೊತ್ಕಂಡು ಹೋಗಿ, ರಬ್ಬರ್ ಕುಡಿಸಿ, ನಮಗೇ ತಂದು ಕೊಡ್ತ್ರಿ!”

“ಬೇಡದಿದ್ರೆ ಇದನ್ನ ತಕೊ,” ಎಂದು ಸುಧಾಕರ ಅಂಗಡಿಯ ಅತಿ ದುಬಾರಿ ಹಾಸಿಗೆಯನ್ನು ಬಡಿದ. “ಪೂರಾ ಫೋಮು. ನಾರಿನ ಒಂದೆಳೆ ಇಲ್ಲ. ನನ್ನ ಮಾವನಿಗೂ ಇದನ್ನೇ ಕೊಟ್ಟಿದ್ದೇನೆ.”

“ಬಿಚ್ಚು, ನೋಡ್ವಾ.”

“ಬಿಚ್ಚೋದೆಲ್ಲ ಬೇಡ,” ಎಂದರು ಸಂಜಯ, ಸ್ವಲ್ಪ ಜೋರಾಗಿಯೇ.

ಸಿಟ್ಟು ಬಂದರೆ ಸುಧಾಕರನಿಗೆ ಕಿವಿ ಕೇಳುವುದಿಲ್ಲ. ಪಾರ್ಸೆಲ್ ಬಿಚ್ಚುವ ಚೂರಿ ತಂದು ಚರ್ರನೆ ಸೀಳಿದ. ಮೇಲೆ ಎರಡು ಬೆರಳು ದಪ್ಪ ಫೋಮು. ಕೆಳಗೆಲ್ಲ ನಾರು.

“ಅಯ್ಯಯ್ಯೋ, ಇದ್ರಲ್ಲಿ ಇಡೀ ತೋಟವೇ ಅದೆ!” ಎಂದಳು ಗಂಗೆ.

ಸುಧಾಕರ ಚೂರಿ ಹಿಡಿದೇ ತಿರುಗಿದ. “ಸಾಹೇಬ್ರೆ, ಪೂರಾ ಫೋಮು ಅಂದವ್ರು ನೀವೇ ಅಲ್ವಾ? ಬೆನ್ನಿಗೆ ಒತ್ತತದೆ ಅಂತ ಮಾವ ಬಡ್ಕೊಂಡ್ರೆ, ನಿಮ್ಮ ಬೆನ್ನೇ ಸರಿ ಇಲ್ಲ ಅಂತ ನಾ ಅವ್ರಿಗೇ ಬೈದು ಬಂದೆ!”

“ಅದು... ಹೆಡ್ ಆಫೀಸಿಗೆ ಕೇಳ್ತೇನೆ.”

“ಇಲ್ಲೇ ನಿಂತು ಕೇಳಿ! ಏಜೆನ್ಸಿ ಬೇಕಾದ್ರೆ ಕುಮಟೆಯವನ ತಲೆಗೆ ಕಟ್ಟಿ. ಮೊದಲು ನನ್ನ ಮಾವನಿಗೆ ಉತ್ತರ ಹೇಳಿ!”

“ಒಳಗೆ ನೆಟ್‌ವರ್ಕ್ ಸಿಗ್ತಿಲ್ಲ,” ಎಂದು ಸಂಜಯ ಮೊಬೈಲನ್ನು ಕಿವಿಗಿಟ್ಟು, ಗಂಗೆಯ ಹಾಸಿಗೆಯನ್ನು ದಾಟಿ ರಸ್ತೆಗಿಳಿದರು. ಹಲೋ ಹಲೋ ಎನ್ನುತ್ತಲೇ ಮೀನು ಮಾರ್ಕೆಟ್ಟಿನ ತಿರುವಿನಲ್ಲಿ ಮರೆಯಾದರು.

ಗಂಗೆ ಸೀಳಿದ ಹಾಸಿಗೆಯ ಮೇಲೆ ಕುಕ್ಕರಿಸಿದಳು. ಸುಧಾಕರ ಬಾಗಿಲಲ್ಲಿ ನಿಂತು ಕಾದ. ಕೊನೆಗೆ ಕುಮಟಾ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಸಾಹೇಬರು ಇನ್ನೂ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಮುಖ ಆ ಕಡೆ ತಿರುಗಿಸಿ ಕೂತಿದ್ದರು.