ಹೊಲಸಾಗಬಾರದ ಮಾಸ್ಕು

"ನನ್ನ ಜಾಗಾ ಮನಿ ಬಿಟ್ಟು ಹೋಗಬಾರದು. ಕ್ರಾಂತಿ ದೊಡ್ಡಾಕಿ ಆದಮ್ಯಾಗ ಆಕಿನ್ನ ಅಲ್ಲಿ ನಿಂದ್ರಸು." ಸಾಯುವ ಎರಡು ದಿನ ಮುಂಚೆ ಸೋಮಪ್ಪ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ಪಕ್ಕೀರಮ್ಮ ಅವನ ಅಂಗೈ ಮೇಲೆ ಅಂಗೈಯಿಟ್ಟು "ಆತು" ಅಂದಿದ್ದಳು. ಮಗಳು ಕ್ರಾಂತಿಗೆ ಆಗ ಎಂಟು ವರ್ಷ.

ಆ ಜಾಗವೆಂದರೆ ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಕಾಯಿ ಒಡೆಯುವ ಮಿಷಿನ್ನಿನ ಬಾಯಿ. ಬುಟ್ಟಿಗಟ್ಟಲೆ ಕಾಯಿ ಎತ್ತಿ ಅದರೊಳಗೆ ಸುರಿಯುತ್ತಿರಬೇಕು. ಬಿಸಿಲಿಲ್ಲ, ಮಳೆಯಿಲ್ಲ, ನೆರಳಿನ ಕೆಲಸ. ಅದಕ್ಕೆ ಹತ್ತು ಜನ ಕಾದಿರುತ್ತಿದ್ದರು. ಸಾಹುಕಾರ ಪಂಚಾಕ್ಷರಪ್ಪನವರು ದೊಡ್ಡ ಮನಸ್ಸು ಮಾಡಿ, ಹುಡುಗಿಗೆ ಹದಿನೆಂಟು ತುಂಬುವವರೆಗೆ ಯರ್ರೆಪ್ಪನೆಂಬ ಆಳನ್ನು ಅಲ್ಲಿ ನಿಲ್ಲಿಸಿಕೊಂಡಿದ್ದರು.

ಹತ್ತು ವರ್ಷ ಕಳೆಯಿತು. 2009ರ ದೀಪಾವಳಿಯೂ ಮುಗಿಯಿತು. ಬರುವ ಸೋಮವಾರ ಕ್ರಾಂತಿ ಕೆಲಸಕ್ಕೆ ನಿಲ್ಲುವವಳಿದ್ದಳು. ತಲೆಗೆ ಕಟ್ಟಿಕೊಳ್ಳಲು ಹೊಸ ಟವೆಲ್ಲೂ ತಂದಿಟ್ಟುಕೊಂಡಿದ್ದಳು.

ಅದು ಹಂದಿಜ್ವರದ ವರ್ಷ. ಮಿಲ್ಲಿಗೆ ಪುಣೆಯ ಲಾರಿಗಳು ಬರುತ್ತಿದ್ದುದರಿಂದ ಸಾಹುಕಾರರಿಗೆ ಹೆದರಿಕೆ ಹತ್ತಿತು. ದಾವಣಗೆರೆಯಿಂದ ಮಾಸ್ಕು ತರಿಸಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದರು.

"ಲಾರಿಯವರು ಇದ್ದಾಗ ಹಾಕ್ಕೋರಿ. ಮಿಷಿನ್ ಹತ್ರ ಹೋಗೂಮುಂದ ತಗದು ಮೊಳಿಗೆ ಹಾಕ್ರಿ. ಧೂಳಾಗ ಹಾಕ್ಕೊಂಡು ಹೊಲಸು ಮಾಡಬ್ಯಾಡ್ರಿ."

ಯಾರಿಗೂ ಅದು ತಪ್ಪೆನಿಸಲಿಲ್ಲ, ಅದೇ ಮಿಲ್ಲಿನ ಅಂಗಳದಲ್ಲಿ ಬೀಜ ಆರಿಸುವ ಪಕ್ಕೀರಮ್ಮನಿಗೂ. ಬಾಗಿಲ ಪಕ್ಕ ಸಾಲಾಗಿ ಮೊಳೆ, ಮೊಳೆಗೊಂದು ಬಿಳಿ ಮಾಸ್ಕು. ಅದರಾಚೆ ಒಳಗೆ, ಎದುರಿಗಿದ್ದವರ ಮುಖ ಕಾಣದಷ್ಟು ಧೂಳು.

ಶನಿವಾರ ಯರ್ರೆಪ್ಪನಿಗೆ ಜ್ವರ ಬಂತು. ಗೇಟಿನಲ್ಲೇ ಅವನನ್ನು ವಾಪಸ್ಸು ಕಳಿಸಿದರು. ಬೇವಿನ ಮರದಡಿ ಬೀಜ ಆರಿಸುತ್ತಿದ್ದ ಪಕ್ಕೀರಮ್ಮನನ್ನು ಮಧ್ಯಾಹ್ನ ಮಿಷಿನ್ನಿಗೆ ಕರೆದರು. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ನಿಂತದ್ದು ಅದೇ ಮೊದಲು.

"ಅಯ್ಯ, ಮಗಳಿಗಿಂತ ಮೊದ್ಲು ತಾಯೀನ ಡ್ಯೂಟಿಗೆ ಹತ್ತಿದ್ಲಲ್ಲ!" ಜೊತೆಗೆ ಬೀಜ ಆರಿಸುವ ಗುರುಬಸಮ್ಮ ನಕ್ಕಳು. "ಮಾಸ್ಕ್ ತಗೀಬ್ಯಾಡ ಯಕ್ಕಾ, ಮುಚ್ಚಿದ್ರ ಚಂದ ಕಾಣ್ತೀ."

"ನಿನ್ನ ಬಾಯಿಗೆ ಎರಡು ಬೇಕು, ಬಿಡು."

ಪುಣೆಯ ಡ್ರೈವರ್ ಅಂದು ಒಳಗೇ ಚೀಲಗಳ ಮೇಲೆ ಕೂತುಬಿಟ್ಟಿದ್ದರಿಂದ ಮಾಸ್ಕು ತೆಗೆಯುವ ಹಾಗೂ ಇರಲಿಲ್ಲ.

ಸಂಜೆ ಮಿಷಿನ್ ನಿಂತಿತು. ಪಕ್ಕೀರಮ್ಮ ಮಾಸ್ಕು ಬಿಚ್ಚಿ ಮೊಳೆಗೆ ಹಾಕಲು ಹೋದವಳು ಅಲ್ಲೇ ನಿಂತಳು. ಬೆಳಿಗ್ಗೆ ಹಾಲಿನಂತಿದ್ದ ಬಟ್ಟೆ ಕೆಮ್ಮಣ್ಣು ಬಳಿದ ಗೋಡೆಯಾಗಿತ್ತು. ಅಂಗೈಗೆ ತಟ್ಟಿದಳು. ಕುಂಕುಮದಷ್ಟು ನುಣ್ಣನೆಯ ಕೆಂಪು ಪುಡಿ ಉದುರಿತು. ಮತ್ತೆ ತಟ್ಟಿದಳು, ಮತ್ತೆ ಉದುರಿತು.

ಈ ಬಣ್ಣ ಅವಳಿಗೆ ಗೊತ್ತಿತ್ತು. ಸೋಮಪ್ಪ ಬೆಳಿಗ್ಗೆ ಬೆಳಿಗ್ಗೆ ಕೆಮ್ಮಿ ಕೆಮ್ಮಿ ಬಚ್ಚಲಲ್ಲಿ ಉಗುಳುತ್ತಿದ್ದ ಕಫದ ಬಣ್ಣ. ಅವಳೇ ನೀರು ಹಾಕಿ ತೊಳೆಯುತ್ತಿದ್ದಳು. ತೊಳೆಯುತ್ತಾ ಬೈಯುತ್ತಿದ್ದಳು. ದಿನಕ್ಕೆರಡು ಬೀಡಿ ಸೇದುತ್ತಿದ್ದನೆಂದು ಅವನ ಜೇಬು ಹುಡುಕಿ ಬೀಡಿ ಕಟ್ಟು ಒಲೆಗೆ ಹಾಕಿದ್ದಳು. "ನಿನ್ನ ಚಟಾನ ನಿನ್ನ ತಿಂತೈತಿ" ಅಂದಿದ್ದಳು. ಅವನು ತಲೆ ತಗ್ಗಿಸಿ ಬುತ್ತಿ ಹಿಡಿದು ಮಿಲ್ಲಿಗೆ ಹೋಗುತ್ತಿದ್ದ.

ಇದು ಒಂದು ಮಧ್ಯಾಹ್ನದ್ದು. ಅವನು ಹನ್ನೊಂದು ವರ್ಷ ನಿಂತಿದ್ದ.

"ಯಾಕ ಯಕ್ಕಾ, ಏನಾತು? ಜ್ವರಾ ಏನ?" ಗುರುಬಸಮ್ಮ ಹಣೆ ಮುಟ್ಟಲು ಬಂದಳು. ಪಕ್ಕೀರಮ್ಮ ಅಂಗೈ ಚಾಚಿದಳು. ಗುರುಬಸಮ್ಮ ಅದನ್ನು ನೋಡಿದಳು, ಒಳಗೆ ಇನ್ನೂ ಇಳಿಯುತ್ತಿದ್ದ ಧೂಳನ್ನು ನೋಡಿದಳು, ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಪಕ್ಕೀರಮ್ಮ ಆಫೀಸಿಗೆ ಹೋಗಿ ಮಾಸ್ಕನ್ನು ಮೇಜಿನ ಮೇಲಿಟ್ಟಳು.

"ಏ, ಹೊಲಸು ಮಾಡಬ್ಯಾಡ ಅಂತ ಹೇಳಿದ್ನಲ್ಲವಾ!" ಸಾಹುಕಾರರು ಗದರಿದರು.

"ನಮ್ಮ ಹುಡುಗಿ ಸೋಮವಾರ ಬರಂಗಿಲ್ರಿ."

"ಹಂದಿಜ್ವರಕ್ಕ ಅಂಜಿದೇನು? ಇನ್ನೊಂದು ತಿಂಗಳಿಗೆ ಹೋಗತೈತಿ ಅದು."

"ಅದಕ್ಕಲ್ರಿ. ಈ ಮಾಸ್ಕ್ ಇಲ್ಲದಿದ್ರ ಈ ಧೂಳೆಲ್ಲಾ ಎಲ್ಲಿಗೆ ಹೋಗತಿತ್ರಿ ಸಾವ್ಕಾರ್ರ?"

ಪಂಚಾಕ್ಷರಪ್ಪನವರು ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿದರು. ಒಳಮಗ್ಗುಲು ಬೆಳ್ಳಗಿತ್ತು. ತಿರುಗಿಸಿ ಹೊರಮಗ್ಗುಲು ನೋಡಿದರು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು. ಅವರ ಕೈ ತಾನಾಗಿ ತಮ್ಮ ಮೂಗಿನ ಹತ್ತಿರ ಹೋಯಿತು.

ಸೋಮವಾರ ಬೆಳಿಗ್ಗೆ ಬಾಗಿಲ ಪಕ್ಕದ ಮೊಳೆಗಳೆಲ್ಲ ಖಾಲಿಯಿದ್ದವು. ಎಲ್ಲರೂ ಮಾಸ್ಕು ಹಾಕಿಕೊಂಡೇ ಒಳಗೆ ಹೋದರು. ಸಾಹುಕಾರರು ಬೇಡವೆನ್ನಲಿಲ್ಲ.

ಮಿಷಿನ್ನಿನ ಮುಂದೆ ಬೇರೆ ಯಾರೋ ನಿಂತಿದ್ದರು. ಕ್ರಾಂತಿ ಮನೆಯಲ್ಲಿದ್ದಳು. ಸೋಮಪ್ಪನಿಗೆ ಕೊಟ್ಟ ಮಾತನ್ನು ಪಕ್ಕೀರಮ್ಮ ಮುರಿದಳು.