ದಂಡದ ಎಣಿಕೆ

ಏಳನೆಯ ಚೀಟಿಯೂ ಸರ್ರನೆ ಹೊರಬಂದಾಗ ಸುಪ್ರಜಾಳಿಗೆ ಕೀಬೋರ್ಡಿಗೇ ಒಂದು ಮುತ್ತು ಕೊಡಬೇಕೆನಿಸಿತು. ಸೇಲಂ ಕಡೆಯ ನಂಗವಳ್ಳಿ ದಾರಿಯ ಒಂದು ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ನಿನ್ನೆಯವರೆಗೂ ಅವಳ ಕಂಪ್ಯೂಟರ್ ಒಬ್ಬೊಬ್ಬರ ಹಾಲು ತೂಗಿ ಚೀಟಿ ಕೊಡಲು ಒಂದೊಂದು ನಿಮಿಷ ತಿನ್ನುತ್ತಿತ್ತು. "ನಾಳೆ ಏಳಕ್ಕೆ ಆಲಿನ ವ್ಯಾನ್ ಬರೋದ್ರೊಳಗೆ ಕ್ಯೂ ಮುಗೀದಿದ್ರೆ ಪೆಟ್ಟಿಗೆ ಎತ್ಕೊಂಡು ಸೇಲಂಗೆ ಓಗಮ್ಮಾ" ಎಂದು ಕಾರ್ಯದರ್ಶಿ ಅರುಣಾಚಲಂ ಖಡಾಖಂಡಿತವಾಗಿ ಹೇಳಿದ್ದರು. ಹೋದರೆ ಅಲ್ಲಿನ ಕಂಪನಿಯಲ್ಲಿ ಮೂರು ತಿಂಗಳ ಹಿಂದೆ ಸಿಕ್ಕ ಕೆಲಸಕ್ಕೂ ಎಳ್ಳುನೀರೇ. ಅವಳೇನು ಬಿಡುವವಳೇ! ಮೊದಲ ಬಸ್ಸಿಗೇ ಬಂದು, ತಾನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನಲ್ಲಿ ವೇಗ ಹೆಚ್ಚಿಸುವ ಆಯ್ಕೆಗಳನ್ನೆಲ್ಲ ಒಂದೂ ಬಿಡದೆ ಒತ್ತಿದ್ದಳು. ಈಗ ಹತ್ತೇ ಸೆಕೆಂಡು.

ಎಂಟನೆಯವಳು ಮುತ್ತಮ್ಮ, ಮಾತಿಗೆ ಸೋಲದ ಮುದುಕಿ. ತೂಕದ ಪಾತ್ರೆಗೆ ಹಾಲು ಸುರಿದು, ಚೀಟಿ ಓದಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟಳು.

"ಮೂರು ಕಿಲೋನಾ? ನಮ್ ಅಸು ನಾಲ್ಕಕ್ಕೆ ಕಮ್ಮಿ ಯಾವತ್ತೂ ಕೊಟ್ಟಿಲ್ಲ ಕಣವ್ವ. ಇನ್ನೊಂದ್ ಸಲ ಒತ್ತು."

ಸುಪ್ರಜಾ ಒತ್ತಿದಳು. ಅದೇ ಪಾತ್ರೆ, ಅದೇ ಹಾಲು: ನಾಲ್ಕು ಕಿಲೋ ನೂರು ಗ್ರಾಂ.

ಹಾಲು ಸುರಿದ ಕೂಡಲೇ ತೂಕ ತೂಗಾಡುತ್ತದೆಂದು, ಅದು ನಿಲ್ಲುವ ತನಕ ಸುಮ್ಮನೆ ಎಣಿಸುತ್ತಿರು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದಳು. ಎಣಿಸಿದ್ದು ಯಾವ ಲೆಕ್ಕಕ್ಕೂ ಬಾರದಲ್ಲ! ದಂಡದ ಕೆಲಸವೆಂದು ಕಂಪೈಲರ್ ಅದನ್ನೇ ಕಿತ್ತೆಸೆದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಮುದುಕಿಯ ಚೀಟಿಯೊಂದನ್ನು ತಿದ್ದಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಸಾರ್, ಕೊಟ್ಟಿರೋ ಏಳು ಚೀಟಿನೂ ತಪ್ಪು. ಹತ್ತು ನಿಮಿಷ ಕೊಡಿ, ಸರಿ ಮಾಡ್ತೀನಿ."

"ಎನ್ನಮ್ಮಾ ಇದು!" ಅರುಣಾಚಲಂ ಸಿಡುಕಿದರು. "ಅವರ ಆಲೆಲ್ಲಾ ಕ್ಯಾನಲ್ಲಿ ಬೆರ್ತೋಯ್ತು. ಯಾರ್ದು ಎಷ್ಟು ಅಂತ ಯಾರನ್ ಕೇಳ್ಲಿ?"

"ನಮ್ಮನ್ನೇ ಕೇಳು," ಅಂದಳು ಮುತ್ತಮ್ಮ. "ದಿನಾ ಆಲು ಒರೋ ಕೈಗೆ ಗೊತ್ತಾಗಲ್ವಾ?"

ಗೋಡೆಯ ಹತ್ತಿರ ನಿಂತಿದ್ದ ರಾಜಾತಿ ಮುಂದೆ ಬಂದು ಮೇಜಿನ ಮೇಲೆ ತನ್ನ ಚೀಟಿ ಇಟ್ಟಳು. "ನಂಗೆ ಆರು ಅಂತ ಬಂದೈತೆ ಅಣ್ಣಾ. ನಾ ತಂದಿದ್ದು ಐದೇ."

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಅರುಣಾಚಲಂ ಗೊಣಗುತ್ತಲೇ ಹಳೆಯ ಪುಸ್ತಕ ತೆರೆದು ಅವರು ಹೇಳಿದ್ದನ್ನು ಬರೆದುಕೊಂಡರು.

ಸುಪ್ರಜಾ ತಲೆ ಎತ್ತಲಿಲ್ಲ. ಆ ಎಣಿಕೆಯ ಮುಂದೆ, ಇದನ್ನು ಮುಟ್ಟಬೇಡ ಎಂದು ಕಂಪೈಲರಿಗೆ ಹೇಳುವ ಒಂದೇ ಒಂದು ಪದ ಸೇರಿಸಿದಳು. ಮಿಕ್ಕ ವೇಗವನ್ನೆಲ್ಲ ಹಾಗೆಯೇ ಉಳಿಸಿಕೊಂಡು ಮತ್ತೆ ಓಡಿಸಿದಳು. ಹದಿನೆಂಟು ಸೆಕೆಂಡು. ಮುತ್ತಮ್ಮ ತನ್ನ ಹಾಲನ್ನು ತೆಗೆದು ಮತ್ತೆ ಸುರಿದಾಗ ತೂಕ ನಾಲ್ಕು ಕಿಲೋ ನೂರು ಗ್ರಾಂಗೆ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ.

ಏಳಕ್ಕೆ ಸರಿಯಾಗಿ ಹೊರಗೆ, ಯಾರಿಗೂ ಕಾಯದ ವ್ಯಾನಿನ ಹಾರನ್ ಕೂಗಿತು. ಇನ್ನೂ ನಾಲ್ವರು ಹೆಂಗಸರು ಉಳಿದಿದ್ದರು. ಸುಪ್ರಜಾ ಹಲ್ಲು ಕಚ್ಚಿಕೊಂಡು ಮುಂದಿನವಳ ನಂಬರು ಒತ್ತಿದಳು.

ಅರುಣಾಚಲಂ ಕುರ್ಚಿ ಸರಿಸಿ ಎದ್ದರು. ಬಾಗಿಲಿಗೆ ಹೋಗಿ, ಚಪ್ಪಲಿ ಮೆಟ್ಟಿ, ವ್ಯಾನಿನ ಮುಂದೆ ಹೋಗಿ ಅಡ್ಡ ನಿಂತರು.