ಮೇನ್ ಸ್ಟ್ರೀಟಿನ ತಲೆ ಎಣಿಕೆ

ಕಾಲ್ಬರ್ನ್ ಊರಿಗೂ ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೂ ಇದ್ದ ನಂಟು ಅಷ್ಟಕ್ಕಷ್ಟೇ. ಹುಡುಗರು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಇಳಿದು ಬಂದು, ಕಹಳೆ ಊದಿ, ಮತ್ತೆ ಹತ್ತಿ ಹೋಗುತ್ತಿದ್ದರು. ಈಗ ಏನು ಪ್ರೀತಿ ಉಕ್ಕಿತೋ, ಎರಡೂ ಸೇರಿ ಒಂದು ಸಮಿತಿ ಮಾಡಿಕೊಂಡವು. ಊರ ನಡುಪೇಟೆ ಮತ್ತೆ ಚಿಗುರಬೇಕು, ಅದಕ್ಕೆ ವಿಶ್ವವಿದ್ಯಾಲಯದ ಪುಸ್ತಕದಂಗಡಿ ಗುಡ್ಡ ಇಳಿದು ಬರಬೇಕು. ಮೇನ್ ಸ್ಟ್ರೀಟಿಗೋ ಡಿಪೋ ಸ್ಟ್ರೀಟಿಗೋ ಅನ್ನುವುದನ್ನು ಓಡಾಡುವವರ ತಲೆ ಎಣಿಸಿ ತೀರ್ಮಾನಿಸುತ್ತಾರಂತೆ.

ಸುದ್ದಿ ಕೇಳಿ ವರ್ನಾಗೆ ಹೋದ ಜೀವ ಬಂದಂತಾಯಿತು. ಮೇನ್ ಸ್ಟ್ರೀಟಿನಲ್ಲಿ ಅವಳದೊಂದು ಅಂಗಡಿ, ಹಣ್ಣಿನ ಹೂರಣ ತುಂಬಿ ಬೇಯಿಸುವ ಪೈಗಳದು. ಪಕ್ಕದ ದೊಡ್ಡ ಮಳಿಗೆ ಮುಚ್ಚಿದ ಮೇಲೆ ಗಿರಾಕಿಗಳೇ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಎಂಬ ನವೆಂಬರಿನ ಹಬ್ಬ ಕಳೆದ ಮೇಲೆ ತಾನೂ ಬೀಗ ಹಾಕುವುದೆಂದು ನಿಶ್ಚಯಿಸಿದ್ದಳು. ಆ ಖಾಲಿ ಮಳಿಗೆಗೆ ಪುಸ್ತಕದಂಗಡಿ ಬಂದರೆ ಹುಡುಗರು ಬರುತ್ತಾರೆ, ಹುಡುಗರಿಗೆ ಹಸಿವಾಗುತ್ತದೆ, ತನ್ನ ಒಲೆ ಆರುವುದಿಲ್ಲ.

ಹೆಚ್ಚು ತಲೆ ಇದ್ದ ಬೀದಿಗೇ ಅಂಗಡಿ ಎಂದು ಅವಳೇ ತೀರ್ಮಾನಿಸಿಬಿಟ್ಟಳು. ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? ಕೇಳಿದರೆ ಅವಳು ವರ್ನಾ ಹೇಗಾದಾಳು! ಚರ್ಚಿನಲ್ಲಿ ತನ್ನ ಜೊತೆ ಹಾಡುವವರನ್ನೆಲ್ಲ ಗುಡ್ಡೆ ಹಾಕಿ ಅಪ್ಪಣೆ ಕೊಟ್ಟಳು: "ಶನಿವಾರ ಪೂರ್ತಿ ಈ ಬೀದೀಲಿ ಸುತ್ತಾ ಇರ್ಬೇಕು. ಆಗಾಗ ಟೋಪಿ ಬದಲಾಯಿಸ್ಕೊಳ್ಳಿ. ಒಬ್ರಿಗೊಬ್ರು ಗುರುತೇ ಇಲ್ಲದವ್ರ ಹಾಗಿರಿ."

ಶನಿವಾರ ಎಣಿಸಲು ಬಂದವಳು ಜನೆಲ್ ಎಂಬ ವಿದ್ಯಾರ್ಥಿನಿ. ಮಡಚುವ ಕುರ್ಚಿಯಲ್ಲಿ ಕೂತು, ಅಂಗೈಯಲ್ಲೊಂದು ಪುಟ್ಟ ಯಂತ್ರ ಹಿಡಿದು, ತಲೆ ಕಂಡಾಗಲೆಲ್ಲ ಟಿಕ್ ಎನ್ನಿಸುತ್ತಿದ್ದಳು. ಎದುರಿನ ಕ್ಷೌರದಂಗಡಿಯ ಆರ್ವಿಲ್ ತನ್ನ ಬಾಗಿಲಲ್ಲೇ ನಿಂತು ಕೂಗಿದ.

"ಏನ್ ವರ್ನಾ, ನಿಮ್ಮ ಚರ್ಚಿನ ಮೇಬಲ್ ನನ್ ಕಿಟಕಿ ಮುಂದೆ ಬಂದಿದ್ದೇ ಬಂದಿದ್ದು! ಇನ್ನೊಂದ್ಸಲ ಬಂದ್ರೆ ಮದುವೆಗೆ ಕೇಳ್ತಿದ್ದಾಳೆ ಅಂದ್ಕೋತೀನಿ."

"ಥೂ, ನಿನ್ ಮುಖಕ್ಕೆ! ಸುಮ್ನೆ ಕತ್ತರಿ ಆಡ್ಸು."

"ಯಾರ ತಲೆ ಮೇಲೆ ಆಡ್ಸಲಿ ಮಾರಾಯ್ತಿ? ಇರೋ ತಲೆನೆಲ್ಲ ನೀನೇ ಸುತ್ತಿಸ್ತಿದ್ದೀಯಲ್ಲ!"

ಎರಡೇ ದಿನದಲ್ಲಿ ಪುರಭವನದಲ್ಲಿ ಸಭೆ ಸೇರಿತು. ಸಮಿತಿಯ ಪ್ರೊಫೆಸರ್ ಎದ್ದು ನಿಂತು ಸಂತೋಷದಿಂದ ಸಾರಿದರು. ಮೇನ್ ಸ್ಟ್ರೀಟ್ ಗಟ್ಟಿಮುಟ್ಟಾಗಿದೆ, ಅದಕ್ಕೆ ಯಾರ ನೆರವೂ ಬೇಕಿಲ್ಲ, ಪುಸ್ತಕದಂಗಡಿ ನರಪಿಳ್ಳೆ ಇಲ್ಲದ ಡಿಪೋ ಸ್ಟ್ರೀಟಿಗೆ ಹೋಗಲಿ.

ಅಯ್ಯೋ, ತನ್ನ ತಲೆಯ ಮೇಲೆ ವರ್ನಾ ತಾನೇ ಚಪ್ಪಡಿ ಎಳೆದುಕೊಂಡಿದ್ದಳು! ನಾಚಿಕೆ ನುಂಗಿಕೊಂಡು ಎದ್ದಳು. "ಅವ್ರು ಗಿರಾಕಿಗಳಲ್ಲ ಸಾರ್, ನಮ್ಮ ಚರ್ಚಿನ ಹಾಡುಗಾರರು. ನಾನೇ ಸುತ್ತಿಸಿದ್ದು."

ಸಭೆ ಗೊಳ್ಳೆಂದಿತು. ಜನೆಲ್ ಮಾತ್ರ ನಗಲಿಲ್ಲ. "ಅಷ್ಟೊತ್ತು ಸುತ್ತಿದ್ರಲ್ಲ, ಮಧ್ಯಾಹ್ನ ಊಟ ಎಲ್ಲಿ ಮಾಡಿದ್ರಿ?" ಎಂದು ಹಾಡುಗಾರರನ್ನು ಕೇಳಿದಳು.

ಮೇಬಲ್ ನೆಲ ನೋಡುತ್ತ ಒಪ್ಪಿಕೊಂಡಳು: "ಕಾರಲ್ಲಿ ಹೆದ್ದಾರಿಗೆ ಹೋಗಿ ಬರ್ಗರ್ ತಿಂದ್ವಿ."

ವರ್ನಾಗೆ ಕಪಾಳಕ್ಕೆ ಹೊಡೆದಂತಾಯಿತು. ದಿನವಿಡೀ ತನ್ನ ಬಾಗಿಲ ಮುಂದೆ ಸುಳಿದವರಲ್ಲಿ ಒಬ್ಬರೂ ಒಳಗೆ ಬಂದಿರಲಿಲ್ಲ. ಹುಡುಗರು ಬರುವುದಿಲ್ಲವೆಂದು ಇಷ್ಟು ವರ್ಷ ಗುಡ್ಡಕ್ಕೆ ಶಾಪ ಹಾಕಿದ್ದೇ ಬಂತು. ಪ್ರೊಫೆಸರ್, ಬರುವ ಶನಿವಾರ ಮತ್ತೆ ಎಣಿಸೋಣ ಎಂದರು.

ಈ ಸಲ ವರ್ನಾಳ ಅಪ್ಪಣೆ ತಿರುಗುಮುರುಗು. ಒಬ್ಬರೂ ಬೀದಿಗೆ ಕಾಲಿಡಕೂಡದು! ಶನಿವಾರ ಬೆಳಿಗ್ಗೆ ಬೀದಿ ಭಣಗುಡುತ್ತಿತ್ತು. ಜನೆಲ್ ಆಕಳಿಸುತ್ತಿದ್ದಳು. ವರ್ನಾ ಕಿಟಕಿಯಿಂದ ನೋಡಿ ನೋಡಿ ಹಿಗ್ಗುತ್ತಿದ್ದಳು. ಗಿರಾಕಿ ಇಲ್ಲವೆಂದು ಹಿಗ್ಗುವ ಅಂಗಡಿಯವಳನ್ನು ಇನ್ನೆಲ್ಲಿ ಹುಡುಕೋಣ?

ಹೊತ್ತೇರುತ್ತಲೇ ಮೇಬಲ್ ಬಂದಳು. ಹಿಂದೆಯೇ ಇಡೀ ತಂಡ. ಟಿಕ್, ಟಿಕ್, ಟಿಕ್. ವರ್ನಾ ಪೊರಕೆ ಹಿಡಿದುಕೊಂಡೇ ಹೊರಗೋಡಿದಳು.

"ಹೋಗ್ರೇ, ಮನೆಗೆ ಹೋಗ್ರಿ! ಎಲ್ಲಾ ಕೆಡಿಸ್ತೀರಿ!"

"ಸುತ್ತೋಕೆ ಬಂದಿಲ್ಲ ಕಣೇ." ಮೇಬಲ್ ದನಿ ತಗ್ಗಿತ್ತು. "ಪೈ ತಿನ್ನೋಕೆ ಬಂದ್ವಿ."

"ನಾಳೆ ತಿನ್ನಿ! ಇಲ್ಲಾಂದ್ರೆ ಹಿಂದಿನ ಬಾಗಿಲಿಂದ ಒಬ್ಬೊಬ್ರಾಗಿ ಬನ್ನಿ!"

ಅಷ್ಟರಲ್ಲಿ ಆರ್ವಿಲ್ ರಸ್ತೆ ದಾಟಿ ಬಂದ. ಟಿಕ್. "ಭಲೇ ವರ್ನಾ! ಗಿರಾಕಿ ಬರ್ಲಿ, ಬರ್ಲಿ ಅಂತ ಕಾದೆ. ಬಂದ್ರೆ ಪೊರಕೆ ತೋರಿಸ್ತೀಯಾ? ನಾಳೆ ಆ ಹುಡುಗ್ರನ್ನೂ ಹಿಂಗೇ ಗುಡಿಸ್ತೀಯೇನು?"

"ದೊಡ್ಡದಾಗಿ ಹೇಳೋಕೆ ಬಂದ! ನೀನು ನನ್ ಅಂಗಡಿಗೆ ಬಂದು ಎಷ್ಟು ಕಾಲ ಆಯ್ತು?"

"ನೀನು ಕೂದಲು ಕತ್ತರಿಸ್ಕೊಳ್ಳೋಕೆ ಹೆದ್ದಾರಿ ಮಾಲ್‌ಗೆ ಹೋಗೋಕೆ ಶುರು ಮಾಡಿದೆಯಲ್ಲ, ಅವತ್ತಿಂದ."

ವರ್ನಾ ಎದುರಿಗೆ ನಿಂತವರನ್ನು ನೋಡಿದಳು. ಇಷ್ಟು ವರ್ಷ ಜೊತೆಗೆ ಹಾಡಿದವರು, ಈಗ ಹಸಿದುಕೊಂಡು ಬಂದಿದ್ದಾರೆ. ಅವಳಿಗೆ ಅಳುವೂ ಬಂತು, ನಗುವೂ ಬಂತು. ಪೊರಕೆಯನ್ನು ಮೂಲೆಗೆಸೆದು ಬಾಗಿಲು ಪೂರಾ ತೆರೆದಳು.

"ಬನ್ನಿ ಒಳಗೆ. ಎಲ್ಲಾರೂ ಮುಂಬಾಗಿಲಿಂದ್ಲೇ ಬನ್ನಿ." ಆಮೇಲೆ ಜನೆಲ್ ಕಡೆ ತಿರುಗಿ, "ಮಗಳೇ, ಒಬ್ರನ್ನೂ ಬಿಡದೆ ಎಣಿಸು. ಎಣಿಸಿ ನೀನೂ ಬಾ," ಎಂದಳು.

"ಪುಸ್ತಕದಂಗಡಿ ಕೈ ತಪ್ಪಿಹೋಗುತ್ತಲ್ಲ, ವರ್ನಾ ಅವರೇ?"

"ಹೋಗ್ಲಿ ಬಿಡು. ಡಿಪೋ ಸ್ಟ್ರೀಟಿನವ್ರೂ ಬದುಕ್ಬೇಕಲ್ಲ."

ಮಧ್ಯಾಹ್ನದ ಹೊತ್ತಿಗೆ ಪೈ ತಟ್ಟೆಗಳೆಲ್ಲ ಬರಿದಾದವು. ವರ್ನಾ ಏಪ್ರನ್ ಬಿಚ್ಚಿಟ್ಟು ರಸ್ತೆ ದಾಟಿದಳು. ಜನೆಲ್ ಬಾಯಿ ತುಂಬ ಪೈ ತುಂಬಿಕೊಂಡೇ ಟಿಕ್ ಎನ್ನಿಸಿದಳು.

"ಸ್ವಲ್ಪವೇ ಕತ್ತರಿಸು," ಎನ್ನುತ್ತ ವರ್ನಾ ಆರ್ವಿಲ್‌ನ ಕುರ್ಚಿಯಲ್ಲಿ ಕೂತಳು. "ಕ್ರಿಸ್‌ಮಸ್ಸಿಗೆ ಮತ್ತೆ ಬರ್ತೀನಿ."

ಆರ್ವಿಲ್‌ನ ಕತ್ತರಿ ನಿಂತಿತು. "ಥ್ಯಾಂಕ್ಸ್‌ಗಿವಿಂಗ್ ಕಳೀತಿದ್ದ ಹಾಗೇ ಬೀಗ ಅಂದಿದ್ದೆಯಲ್ಲ?"

"ಮೇಬಲ್ ಈಗ್ಲೇ ಕ್ರಿಸ್‌ಮಸ್ಸಿಗೂ ಪೈ ಹೇಳಿ ಹೋದ್ಲು ಕಣೋ. ಬೀಗ ಹಾಕೋಕೆ ಪುರುಸೊತ್ತೆಲ್ಲಿ?"